ಆದವಾನಿ ದಾರಿಯಲ್ಲಿ ಒಂದು ‘ತಡಿ’

ಬಳ್ಳಾರಿಯಿಂದ ಬೆಳಗಿನ ಬಸ್ಸು ಹೊರಟಾಗ ಮೋಡ ಕವಿದಿತ್ತು. ಜೋಳದ ಬೀಜಕ್ಕೆ ಹಚ್ಚುತ್ತಿದ್ದ ಕೀಟನಾಶಕದ ಪುಡಿಯನ್ನು ಆ ವರ್ಷ ನಿಷೇಧಿಸಿದ್ದರು. ಅದಿಲ್ಲದೆ ಬಿತ್ತಿದರೆ ಸುಳಿನೊಣದ ಹುಳು ಎಳೆಯ ಪೈರಿನ ಸುಳಿಯನ್ನೇ ಕೊರೆದು ಒಣಗಿಸುತ್ತದೆ. ಪೆದ್ದಕಡುಬೂರಿನ ನನ್ನ ಭಾವ ಯಾವಾಗ ಬಿತ್ತಲಿ ಎಂದು ಕೇಳಿದ್ದ. ತಡವಾಗಿ ಬಿತ್ತಿದರೆ ನೊಣದ ಕಾಟ ಕಡಿಮೆ ಎಂದು ಕೃಷಿ ಕಾಲೇಜಿನಲ್ಲಿ ಕೇಳಿದ ನೆನಪು. ಕೆಲವು ವಾರಗಳ ಹಿಂದೆ ಇದೇ ಬಸ್ಸಿನ ಕಂಡಕ್ಟರ್ ಖಾದರನ ಬಾಯಲ್ಲಿ ಒಂದೇ ಮಾತು ಹೇಳಿಕಳಿಸಿದ್ದೆ: ‘ತಡಿ.’ ಈಗ ಬಿತ್ತಿಸಲು ನಾನೇ ಹೊರಟಿದ್ದೆ.

ಆಲೂರು ದಾಟಿದ ಮೇಲೆ ಖಾದರ ಪಕ್ಕದಲ್ಲಿ ಬಂದು ನಿಂತ. “ನಿಮ್ಮ ಮಾತು ಅವತ್ತೇ ಆದವಾನಿ ಬಸ್‌ಸ್ಟ್ಯಾಂಡಿನಾಗ ಮುಟ್ಟಿಸೀನ್ರಿ. ತಡಿ ಅಂದ ಕೂಡ್ಲೆ ನಿಮ್ಮ ಭಾವ ಬಿತ್ತೋ ಕೂರಿಗಿ ಹೂಡಾಕ ಊರಿಗೆ ಓಡಿದ!”

“ತಡಿ ಅಂದ್ರೆ ಕಾಯಿ, ನಿಲ್ಲು ಅಂತ ಕಣೋ ನಾನು ಹೇಳಿದ್ದು!”

“ನೀವು ಕನ್ನಡದಾಗ ಅಂದ್ರೋ ತೆಲುಗಿನಾಗ ಅಂದ್ರೋ, ನಂಗೇನು ಗೊತ್ತು ಸಾರ್?”

ತೆಲುಗಿನಲ್ಲಿ ತಡಿ ಎಂದರೆ ಹಸಿ. ನೆಲ ಹಸಿಯಿದ್ದಾಗಲೇ ಬಿತ್ತು ಎಂದು ಭಾವ ತಿಳಿದಿದ್ದ.

ಆದವಾನಿಯಲ್ಲಿ ಗಿರಣಿಗಳ ಹತ್ತಿಯ ಎಳೆ ಗಾಳಿಯಲ್ಲಿ ತೇಲುತ್ತಿತ್ತು. ಮಂಡಕ್ಕಿಯ ಉಗ್ಗಾನಿ ತರಿಸಿಕೊಂಡೆ. ಆಗಲೇ ಇನ್ನೊಂದು ಅನುಮಾನ ಎದ್ದಿತು: ತಡವಾಗಿ ಬಿತ್ತಬೇಕಾದದ್ದು ಈಗಿನ ಮುಂಗಾರಿಗೋ, ಮುಂದಿನ ಹಿಂಗಾರಿಗೋ? ಮೇಷ್ಟರು ಬೋರ್ಡಿನ ಮೇಲೆ ಗೆರೆ ಎಳೆದದ್ದು ಕಣ್ಣಿಗೆ ಕಟ್ಟಿತ್ತು. ಅದರ ಯಾವ ಬದಿಗೆ ಏನಿತ್ತೋ ಅದೇ ಅದಲುಬದಲಾಗುತ್ತಿತ್ತು.

ಇನ್ನೊಂದು ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಊರು ಸೇರಿದೆ. ಅಕ್ಕ ನೀರು ಕೊಟ್ಟು ನಕ್ಕಳು. “ಓದಿದಾಂವ ಹೇಳ್ಯಾನ ಅಂತ ನಿಮ್ಮ ಭಾವ ಡಂಗುರ ಸಾರಿದಾರಪಾ. ಓಣಿಗೆ ಓಣಿನೇ ಬಿತ್ತೈತಿ.”

ಭಾವನನ್ನು ಕರೆದುಕೊಂಡು ಹೊಲಕ್ಕೆ ನಡೆದೆ. ಹೊಲದಲ್ಲಿ ಪೈರು ಗೇಣುದ್ದ ಬಂದಿತ್ತು. ಅಲ್ಲಲ್ಲಿ ಸುಳಿ ಹಿಡಿದು ಎಳೆದೆ. ಹೆಚ್ಚಿನವು ಗಟ್ಟಿಯಾಗಿದ್ದವು. ಬದುವಿನ ಹತ್ತಿರದ ಒಂದು ಮಾತ್ರ ಸಲೀಸಾಗಿ ಕಿತ್ತು ಬಂದಿತು, ಬುಡ ನಾರುತ್ತಿತ್ತು: ಹುಳು ಬಿದ್ದಿತ್ತು.

“ಭಾವ, ನಾನು ಅಂದದ್ದು ಕಾಯಿ ಅಂತ.”

ಅವನು ಸುತ್ತ ನೋಡಿದ. “ಮೆಲ್ಲಗನಪಾ! ಬೆಳಿ ಬಂದ್ರ ನಮ್ಮ ತೆಲುಗು ಚಲೋ. ಬರಲಿಲ್ಲಂದ್ರ ನಿನ್ನ ಕನ್ನಡ ಕೆಟ್ಟದ್ದು. ಮಂದಿಗೆ ಹಂಗ ಹೇಳೋಣು.”

ಒಣಗಿದ ಸುಳಿಯ ಗಿಡಗಳನ್ನೆಲ್ಲ ಕಿತ್ತು ಸುಡಲು ಹೇಳಿದೆ. ಇದನ್ನಾದರೂ ಸರಿಯಾಗಿ ನೆನಪಿಟ್ಟಿದ್ದೇನೆಯೇ ಎಂಬ ಅಳುಕು ಹೋಗಲಿಲ್ಲ.

ನಾನು ಹತ್ತಿದ ಸಂಜೆಯ ಬಸ್ಸು ಹೊಲದ ಪಕ್ಕದಲ್ಲೇ ಹಾದುಹೋಯಿತು. ಗಿಡ ಕೀಳುತ್ತ ಬಗ್ಗಿದ್ದ ಭಾವ ನನ್ನನ್ನು ಕಂಡು ನೆಟ್ಟಗೆ ನಿಂತ. ಮುಷ್ಟಿಯಲ್ಲಿ ಏನೋ ಹಸಿರು ಎತ್ತಿ ಹಿಡಿದು ಓಡಿ ಬರುತ್ತ ಕೂಗಿದ: “ತಡಿ! ತಡಿ!”

ಕಿಟಕಿಯ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು. ಯಾವ ಭಾಷೆಯಲ್ಲಿ ಎಂದು ಕೇಳಲು ತಲೆ ಹೊರಹಾಕುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.