ಹನ್ನೆರಡು ಜಾಗಗಳ ಭಾವ

ನನ್ನ ಅಕ್ಕನ ಗಂಡನಿಗೆ ಹಿಮದ ಹುಚ್ಚು ಹಿಡಿದದ್ದು ನಲವತ್ತೈದು ದಾಟಿದ ಮೇಲೆ. ಎದುರಿಗೆ ಸಿಕ್ಕಾಗ ನಾನು ಅವನನ್ನು ‘ಭಾವ, ನೀವು’ ಎಂದೇ ಮಾತಾಡಿಸುತ್ತೇನೆ. ಬರೆಯುವಾಗ ಮಾತ್ರ ಅಷ್ಟು ಮರ್ಯಾದೆ ಕೊಡಲು ಕೈ ಬರುವುದಿಲ್ಲ. ಮೈಸೂರಿನವನು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್, ಈಗ ಹೊರದೇಶದಲ್ಲಿ, ಇಸ್ಸಾಕ್ವಾ ಎಂಬ ಊರಿನ ಗುಡ್ಡದ ಮೇಲೆ ಮನೆ. ಮೊದಲು ಅವನಿಗೆ ಮನೆಯಲ್ಲೇ ಕಾಫಿ ಬೀಜ ಹುರಿಯುವ ಹುಚ್ಚಿತ್ತು. ಆಮೇಲೆ ಸೈಕಲ್ಲು. ಒಂದು ಚಳಿಗಾಲ ಆಫೀಸಿನ ಯಾರೋ ಅವನನ್ನು ಸ್ನೋಮೊಬೈಲಿನ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸಿದರು. ಮುಂದಿನ ಚಳಿಗಾಲದ ಹೊತ್ತಿಗೆ ಗ್ಯಾರೇಜಿನಲ್ಲಿ ಎರಡು ಯಂತ್ರ ನಿಂತಿದ್ದವು. ಹೊಸದು ಅವನಿಗೆ, ಯಾರೋ ಬಳಸಿ ಬಿಟ್ಟ ಹಳೆಯದು ‘ಜೊತೆಗೆ ಬರೋರಿಗೆ’.

ಸ್ನೋಮೊಬೈಲ್ ಅಂದರೆ ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ನಡುವೆ ಒಂದು ಸೀಟು, ಕಿವಿ ಕಿತ್ತುಹೋಗುವಂಥ ಇಂಜಿನ್ನು. ಹಿಮವನ್ನು ತಟ್ಟಿ ಹದ ಮಾಡಿದ ದಾರಿಯಲ್ಲಿ ಅದನ್ನು ಯಾರು ಬೇಕಾದರೂ ಓಡಿಸಬಹುದು. ದಾರಿ ಬಿಟ್ಟು ಕಾಡಿನೊಳಗೆ, ಬೆಟ್ಟದ ಮೈಮೇಲಿನ ಆಳ ಹಿಮಕ್ಕೆ ಇಳಿಯುವುದು ಬೇರೆಯೇ ವಿದ್ಯೆ. ಭಾವನಿಗೆ ಬೇಕಾಗಿದ್ದದ್ದು ಎರಡನೆಯದು. ಆ ವಿದ್ಯೆಯಲ್ಲ, ಅದು ತನಗೆ ಬರುತ್ತದೆಂಬ ಹೆಸರು.

ಫೋನಿನಲ್ಲಿ ಅವನದೊಂದು ಪಟ್ಟಿ ಇತ್ತು. ಸಾಯುವುದರೊಳಗೆ ಹೋಗಲೇಬೇಕಾದ ಹನ್ನೆರಡು ಜಾಗ: ಕೆನಡಾದ ರೆವೆಲ್‌ಸ್ಟೋಕ್, ಮೊಂಟಾನಾದ ಕುಕ್ ಸಿಟಿ, ಐಡಹೋದ ಮೆಕಾಲ್, ವಯೋಮಿಂಗಿನ ಯಾವುದೋ ಕಣಿವೆ, ಹೀಗೆ. ಗದಗಿನಲ್ಲಿ ನಮ್ಮ ಅಜ್ಜಿ ಸ್ನಾನ ಮಾಡುತ್ತ ಹನ್ನೆರಡು ಜ್ಯೋತಿರ್ಲಿಂಗಗಳ ಹೆಸರು ಹೇಳಿಕೊಳ್ಳುತ್ತಿದ್ದಳು. ಅವಳು ಅವುಗಳಲ್ಲಿ ಒಂದನ್ನೂ ನೋಡಿರಲಿಲ್ಲ, ನೋಡಿದ್ದೇನೆಂದು ಯಾರಿಗೂ ಹೇಳಿಯೂ ಇರಲಿಲ್ಲ. ಭಾವ ಪಟ್ಟಿಯ ಮೂರು ಕಡೆ ಹೋಗಿ ಬಂದಿದ್ದ. ರೆವೆಲ್‌ಸ್ಟೋಕಿನಲ್ಲಿ ಹೊಟ್ಟೆ ಕೆಟ್ಟು ಹೋಟೆಲಿನಲ್ಲೇ ಮಲಗಿದ್ದನೆಂದು ಅಕ್ಕ ನನಗೆ ಹೇಳಿದ್ದಳು. ಮನೆಗೆ ಊಟಕ್ಕೆ ಬಂದವರಿಗೆ ಸಿಗುತ್ತಿದ್ದ ವರದಿ ಬೇರೆ. “ರೆವೆಲ್‌ಸ್ಟೋಕ್ ಪೌಡರ್ ಸ್ನೋ ಇದೆಯಲ್ಲಾ, ಅದು ಬೇರೆ ಲೆವೆಲ್ಲು ಕಣ್ರೀ. ಹತ್ತಿಯೊಳಗೆ ತೇಲಿದ ಹಾಗೆ.” ಬಂದವರು ಚಪಾತಿ ಮುರಿಯುವುದನ್ನು ನಿಲ್ಲಿಸಿ ತಲೆಯಾಡಿಸುತ್ತಿದ್ದರು.

ನಾನೂ ಆಡಿಸಿದವಳೇ. ಟಕ್ವಿಲಾದ ಗೋದಾಮುಗಳ ನಡುವಿನ ಆಫೀಸಿನಲ್ಲಿ ಕೂತು ಕನ್ವೇಯರ್ ಬೆಲ್ಟುಗಳ ನಕ್ಷೆ ತಿದ್ದುವ ಇಂಜಿನಿಯರ್ ನಾನು. ಹೆಲ್ಮೆಟ್ ಹಾಕಿಕೊಂಡು ಹಿಮದ ಬಯಲಿನಲ್ಲಿ ನಿಂತ ಫೋಟೋ ಒಂದಿದ್ದರೆ ಚೆನ್ನ ಎಂದು ನನಗೂ ಆಸೆಯಿತ್ತು. ಎರಡು ಸಲ ಹದ ಮಾಡಿದ ದಾರಿಯಲ್ಲಿ ಅವನ ಹಿಂದೆ ಹೋಗಿ ಆ ಫೋಟೋ ತೆಗೆಸಿಕೊಂಡೆ. ಒಬ್ಬಳೇ ಗುಡ್ಡ ಗೆದ್ದವಳ ಹಾಗೆ ನಿಂತಿದ್ದೆ ಅದರಲ್ಲಿ. ಈಗ ಅದನ್ನು ನೋಡಿದರೆ ಮೈ ಉರಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಅವನಿಗಿಂತ ವಾಸಿ. ಹಿಮಕುಸಿತದ ಬಗ್ಗೆ ಎರಡು ದಿನದ ತರಗತಿಗೆ ಹೋಗಿ ಬಂದಿದ್ದೆ. ಹಿಮದಡಿ ಹೂತವರನ್ನು ಹುಡುಕುವ ಬೀಕನ್ ಬಳಸುವುದು, ಅಗೆಯುವುದು, ಯಾವ ಇಳಿಜಾರಿನ ಹತ್ತಿರ ಸುಳಿಯಬಾರದು ಎಂಬುದು, ಎಲ್ಲಕ್ಕಿಂತ ಮೊದಲು ಜೊತೆಯವರನ್ನು ಬಿಟ್ಟು ಹೋಗಬಾರದು ಎಂಬುದು. ನೀವೂ ಬನ್ನಿ ಎಂದು ಭಾವನನ್ನು ಕರೆದಿದ್ದೆ.

“ಅದೆಲ್ಲ ಯೂಟ್ಯೂಬಲ್ಲಿದೆ ಕಣೇ. ಎರಡು ದಿನ ಯಾಕೆ ವೇಸ್ಟ್ ಮಾಡ್ತೀಯ?” ಅಂದಿದ್ದ.

ಫೆಬ್ರವರಿಯ ಒಂದು ಶನಿವಾರ ಅವನು ಬೆಟ್ಟದ ಆಚೆ, ಕ್ಲೀ ಎಲಮ್ ಕಡೆಯ ಒಂದು ಹುಲ್ಲುಗಾವಲಿಗೆ ಹೊರಟ. ಅದು ಅವನ ಪಟ್ಟಿಯಲ್ಲಿ ಇರಲಿಲ್ಲ. ಹತ್ತಿರದ್ದು ಪಟ್ಟಿಗೆ ಸೇರುವುದು ಹೇಗೆ? ಹಿಂದಿನ ಸಂಜೆ ಅಕ್ಕ ಫೋನ್ ಮಾಡಿದಳು.

“ಅವರು ಒಬ್ರ ಹೋಗ್ತಾರಂದ್ರ ನನಗ ಜೀವ ತಡಿಯಂಗಿಲ್ಲ. ನೀ ಜೋಡಿ ಹೋಗು. ಪುಳಿಯೋಗರೆ ಕಟ್ಟಿ ಕೊಡ್ತೀನಿ, ಇಬ್ರೂ ತಿನ್ರಿ.”

ಹೋದೆ. ಘಟ್ಟ ದಾಟಿದ ಮೇಲೆ ಆಕಾಶ ತಿಳಿಯಾಗಿತ್ತು. ಪಾರ್ಕಿಂಗಿನಲ್ಲಿ ಯಂತ್ರಗಳನ್ನು ಟ್ರೇಲರಿನಿಂದ ಇಳಿಸಿದೆವು. ಭಾವ ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸುವುದಕ್ಕೇ ಕಾಲು ಗಂಟೆ ತೆಗೆದುಕೊಂಡ. ಬೀಕನ್ ಎಲ್ಲಿ ಎಂದು ಕೇಳಿದರೆ, “ಬ್ಯಾಗಲ್ಲೆಲ್ಲೋ ಇದೆ” ಅಂದ. ಅದನ್ನು ಮೈಗೆ ಕಟ್ಟಿಕೊಳ್ಳಬೇಕೆಂದು ಆ ಯೂಟ್ಯೂಬು ಹೇಳಿರಲಿಲ್ಲವೆಂದು ಕಾಣುತ್ತದೆ. ಬೆನ್ನಿನ ಚೀಲದಲ್ಲಿದ್ದ ಅವನ ಸಲಿಕೆಯ ಹಿಡಿಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

ಒಂದು ತಾಸು ಹದವಾದ ದಾರಿಯಲ್ಲಿ ಹೋಗಿ, ಅಲ್ಲಿಂದ ಕಾಡಿನ ಸಂದಿಯಲ್ಲಿ ನುಗ್ಗಿ ಹುಲ್ಲುಗಾವಲು ಸೇರಿದೆವು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮೂರು ಕಡೆ ಬೆಟ್ಟ, ನಡುವೆ ಗುರುತೇ ಬೀಳದ ಬಿಳುಪು. ಭಾವ ಅದನ್ನು ಅರ್ಧ ನಿಮಿಷ ನೋಡಿ, ಎದುರಿನ ಕಡಿದಾದ ಇಳಿಜಾರಿಗೆ ಬೆರಳು ತೋರಿಸಿದ.

“ನಾನು ಹತ್ತಿ ಹೋಗಿ ಒಂದು ರೌಂಡ್ ಹೊಡ್ಕೊಂಡು ಇಳೀತೀನಿ. ನೀನು ಕೆಳಗಿಂದ ವಿಡಿಯೋ ಮಾಡು.”

“ಬೇಡ ಭಾವ. ನಿನ್ನೆ ಗಾಳಿ ಇತ್ತು, ಆ ಕಡೆಯೆಲ್ಲ ಹೊಸ ಸ್ನೋ ಬಂದು ಕೂತಿದೆ. ಜಾರಿದ್ರೆ ಪೂರ್ತಿ ಜಾರತ್ತೆ.”

“ಎರಡು ದಿನ ಕ್ಲಾಸಿಗೆ ಹೋಗಿ ಬಂದು ನಂಗೇ ಹೇಳ್ತೀಯಲ್ಲ” ಎಂದು ನಕ್ಕು ಹೊರಟ.

ಇಳಿಜಾರಿನ ಕಾಲು ಭಾಗ ಹತ್ತಿರಲಿಕ್ಕಿಲ್ಲ, ಇಂಜಿನ್ನಿನ ಸದ್ದು ಕುಗ್ಗಿತು. ಹೆದರಿದ್ದ. ಅಡ್ಡಲಾಗಿ ತಿರುಗಿಸಿದ, ಯಂತ್ರ ಅವನ ಮಾತು ಕೇಳಲಿಲ್ಲ. ಕೆಳಗಿನ ಫರ್ ಮರಗಳ ನಡುವೆ ನುಗ್ಗಿ, ಹಿಮ ಮುಚ್ಚಿದ ಒಂದು ತೊರೆಯ ತಗ್ಗಿಗೆ ಮೂತಿ ಊರಿ ನಿಂತಿತು. ಬೆಟ್ಟ ಜಾರಲಿಲ್ಲ, ಅದು ನಮ್ಮ ಪುಣ್ಯ. ಹೋಗಿ ನೋಡಿದರೆ ಹೊಸ ಯಂತ್ರ ಮುಂದಿನ ಗಾಜಿನವರೆಗೆ ಹೂತಿತ್ತು. ಅವನಿಗೆ ಏನೂ ಆಗಿರಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಅವನು ಮೊದಲು ಮಾಡಿದ ಕೆಲಸ ಅದನ್ನು ಆರಿಸಿದ್ದು.

ನಾನು ಸಲಿಕೆ ತೆಗೆದೆ. ಅವನು ತೆಗೆಯಲಿಲ್ಲ. ಸುತ್ತ ಎರಡು ಹೆಜ್ಜೆ ನಡೆದು ಸೊಂಟದವರೆಗೆ ಹೂತು, ಬೈದುಕೊಂಡು ಎದ್ದು ಬಂದ.

“ಇದು ಆಗೋ ಕೆಲ್ಸ ಅಲ್ಲ. ನಿನ್ನ ಮಷೀನ್ ತಗೊಂಡು ಹೋಗಿ ಹೆಲ್ಪ್ ಕರ್ಕೊಂಡು ಬರ್ತೀನಿ.”

“ಇಬ್ಬರೂ ಹೋಗೋಣ. ನಾನು ಹಿಂದೆ ಕೂತ್ಕೋತೀನಿ.”

“ಡಬಲ್ಸ್ ಹೋದ್ರೆ ಅದೂ ಹೂತ್ಕೊಳತ್ತೆ. ಅಲ್ಲದೆ ಮಷೀನ್ ಹತ್ರ ಯಾರಾದ್ರೂ ಇರ್ಬೇಕಲ್ಲ.”

ಯಾಕಿರಬೇಕು? ಆ ಕಾಡಿನಲ್ಲಿ ಅದನ್ನು ಯಾರು ಹೊತ್ತುಕೊಂಡು ಹೋಗುತ್ತಿದ್ದರು? ಕೇಳುವ ಮೊದಲೇ ಹೊರಟುಬಿಟ್ಟ. ಅವನ ಚೀಲವನ್ನೂ, ಅದರಲ್ಲಿದ್ದ ಬುತ್ತಿಯನ್ನೂ ಹೊತ್ತುಕೊಂಡೇ ಹೋದ. ನನ್ನ ಹಳೆಯ ಯಂತ್ರದ ಸದ್ದು ಸಣ್ಣದಾಗಿ, ಕೊನೆಗೆ ಇಲ್ಲವಾಯಿತು.

ಮೊದಲ ಅರ್ಧ ತಾಸು ಸಿಟ್ಟಿನಲ್ಲೇ ಅಗೆದೆ. ಸಿಟ್ಟು ಮೈ ಬೆಚ್ಚಗಿಡುತ್ತದೆ. ಅವನ ಹನ್ನೆರಡು ಜಾಗಗಳನ್ನು ಒಂದೊಂದಾಗಿ ಹೆಸರು ಹಿಡಿದು ಬೈದೆ. ಎರಡನೆಯ ತಾಸಿಗೆ ಬೆವರು ಆರಿ ನಡುಕ ಶುರುವಾಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಬಿಸಿಲು ಬೆಟ್ಟದ ಹಿಂದಕ್ಕೆ ಜಾರಿತು. ಆಗ ಬೈಗುಳವೆಲ್ಲ ಒಣಗಿ, ಬರೀ ಭಯ ಉಳಿಯಿತು. ಇವನು ಬರುವುದಿಲ್ಲ ಎಂದು ನನಗೆ ಗೊತ್ತಾಗಿಹೋಗಿತ್ತು. ಬೇಕೆಂದೇ ಬಿಟ್ಟುಹೋಗುವಷ್ಟು ಕೆಟ್ಟವನಲ್ಲ ಅವನು. ಹಿಂದಿರುಗಿ ಬರುವಷ್ಟು ಗಟ್ಟಿಗನೂ ಅಲ್ಲ.

ಕೊನೆಗೆ ಬಂದದ್ದು ಬೇರೆ ಎರಡು ಯಂತ್ರ. ಒಂದರ ಮೇಲೆ ಎಪ್ಪತ್ತರ ಆಸುಪಾಸಿನ ಬಿಳಿಯ ಮುದುಕಿ, ಇನ್ನೊಂದರ ಮೇಲೆ ಅವಳ ಗಂಡ. ಅವಳ ಕೈಗವಸು ಹರಿದು, ಅದಕ್ಕೆ ಟೇಪು ಸುತ್ತಿತ್ತು. ಭಾವ ಕಳಿಸಿದನೇ ಎಂದು ಆಸೆಯಿಂದ ಕೇಳಿದೆ. ಇಲ್ಲ, ಅವರು ಪ್ರತಿ ಶನಿವಾರ ಬರುವವರು, ಮರಗಳ ನಡುವೆ ನನ್ನ ಕೆಂಪು ಜಾಕೆಟ್ ಕಂಡಿತ್ತು, ಅಷ್ಟೇ.

“ಒಬ್ಬಳನ್ನೇ ಬಿಟ್ಟು ಹೋದವರು ಯಾರು?” ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

“ನನ್ನ ಅಕ್ಕನ ಗಂಡ.”

ಅವಳು ತನ್ನ ಗಂಡನ ಕಡೆ ಒಮ್ಮೆ ನೋಡಿದಳು. ಅವನು ಫ್ಲಾಸ್ಕಿನಿಂದ ಬಿಸಿ ಸೂಪು ಸುರಿದು ನನ್ನ ಕೈಗೆ ಕೊಟ್ಟ. ಅವನಿಗೆ ಮಂಡಿ ನೋವಂತೆ, ಯಂತ್ರದಿಂದ ಇಳಿಯಲಿಲ್ಲ. ಕೆಲಸ ಮಾಡಿದ್ದು ನಾವಿಬ್ಬರು ಹೆಂಗಸರು. ಅವಳು ಹೇಳುತ್ತ ಹೋದಳು: ರಬ್ಬರ್ ಪಟ್ಟಿಯ ಕೆಳಗಿನ ಹಿಮ ತೆಗೆ, ಮುಂದಿನದನ್ನು ತುಳಿದು ಗಟ್ಟಿ ಮಾಡು, ಈಗ ಮಗ್ಗುಲಿಗೆ ಉರುಳಿಸು, ಗುಂಡಿ ತುಂಬು, ಈಗ ಸ್ಕೀ ಹಿಡಿದು ಎಳೆ. ಮುಕ್ಕಾಲು ತಾಸಿನಲ್ಲಿ ಯಂತ್ರ ಮೇಲಿತ್ತು. ಸುಮ್ಮನೆ ಮಾತಿಗೆಂದು ಕೇಳಿದೆ, ನೀವು ರೆವೆಲ್‌ಸ್ಟೋಕಿಗೆ ಹೋಗಿದ್ದೀರಾ? ಮೊಂಟಾನಾಗೆ?

“ಅಷ್ಟು ದೂರ ಯಾರು ಗಾಡಿ ಓಡಿಸುತ್ತಾರೆ?” ಅಂದಳು. “ಮದುವೆಯಾದಾಗಿನಿಂದ ಇಲ್ಲಿಗೇ ಬರುತ್ತಿದ್ದೇವೆ.”

ಅವರ ನಡುವೆ ನನ್ನನ್ನು ಬಿಟ್ಟುಕೊಂಡು ಪಾರ್ಕಿಂಗಿನವರೆಗೆ ಕರೆತಂದರು. ಭಾವ ಕಾರಿನೊಳಗಿದ್ದ. ಹೀಟರ್ ಓಡುತ್ತಿತ್ತು. ತೊಡೆಯ ಮೇಲೆ ಅಕ್ಕ ಕೊಟ್ಟ ಡಬ್ಬಿ, ಅದರಲ್ಲಿ ಎರಡು ಶೇಂಗಾಬೀಜ ಮತ್ತು ಒಂದು ಕರಿಬೇವಿನ ಎಲೆ. ನನ್ನನ್ನು ಕಂಡು ಗಡಬಡಿಸಿ ಇಳಿದ.

“ಅಬ್ಬಾ, ಬಂದ್ಯಾ! ಸಿಗ್ನಲ್ಲೇ ಸಿಗ್ಲಿಲ್ಲ ನೋಡು. ದಾರಿಯಲ್ಲಿ ಯಾರೂ ಇರ್ಲಿಲ್ಲ. ಇಲ್ಲಿ ಯಾರಾದ್ರೂ ಬರ್ತಾರೇನೋ ಅಂತ ಕಾಯ್ತಾ ಇದ್ದೆ.”

ಅಲ್ಲಿ ಆರೇಳು ಟ್ರಕ್ಕುಗಳಿದ್ದವು, ಒಂದರ ಹತ್ತಿರ ನಾಲ್ವರು ಗಂಡಸರು ನಿಂತು ನಗುತ್ತಿದ್ದರು. ಅವರನ್ನು ಕೇಳುವುದಕ್ಕೂ ಅವನಿಗೆ ಆಗಿರಲಿಲ್ಲ. ತಾನು ಹೂತೆನೆಂದು ಅವರೆದುರು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತಲ್ಲ! ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ತನ್ನ ಯಂತ್ರದ ಕಡೆ ನಡೆದಳು. ಮನೆ ಸೇರುವವರೆಗೆ ನಾನು ಅವನೊಂದಿಗೆ ಮಾತಾಡಲಿಲ್ಲ. ಅವನು ಅದನ್ನು ಸುಸ್ತು ಎಂದುಕೊಂಡ.

ಅಕ್ಕನಿಗೆ ಏನೂ ಹೇಳಲಿಲ್ಲ. ಅವಳ ಸಂಸಾರದಲ್ಲಿ ನಾನ್ಯಾಕೆ ಕಡ್ಡಿಯಾಡಿಸಲಿ ಅಂದುಕೊಂಡೆ. ಅದು ದೊಡ್ಡತನವೇನಲ್ಲ, ಹೇಡಿತನದ ಇನ್ನೊಂದು ಬಗೆ.

ಎರಡು ವಾರದ ಮೇಲೆ ಟೋಟೆಮ್ ಲೇಕಿನ ಗೆಳೆಯರೊಬ್ಬರ ಅಪಾರ್ಟ್‌ಮೆಂಟಿನಲ್ಲಿ ಊಟವಿತ್ತು. ಬಿಸಿಬೇಳೆಭಾತಿನ ತಟ್ಟೆ ಹಿಡಿದು ಭಾವ ಕಥೆ ಶುರು ಮಾಡಿದ. ಬೆಟ್ಟದ ಅರ್ಧಕ್ಕೆ ಹತ್ತಿದ್ದು, ಕೆಳಗೆ ನಿಂತಿದ್ದ ನನಗೆ ಅಪಾಯವಾದೀತೆಂದು ಬೇಕೆಂದೇ ಯಂತ್ರವನ್ನು ಮರಗಳ ಕಡೆ ತಿರುಗಿಸಿದ್ದು, ಆಮೇಲೆ ಒಬ್ಬನೇ ಕಾಡು ದಾಟಿ ಹೋದದ್ದು.

“ಹೋಗಿ ಲೋಕಲ್ಸ್‌ನ ಅರೇಂಜ್ ಮಾಡಿದೆ. ಇಲ್ಲಾಂದ್ರೆ ಇವಳು ಇನ್ನೂ ಅಲ್ಲೇ ಇರ್ತಿದ್ಲು” ಎಂದು ನನ್ನ ಕಡೆ ನೋಡಿ ನಕ್ಕ. ಎಲ್ಲರೂ ನಕ್ಕರು. ಅಭ್ಯಾಸಬಲದಿಂದ ನನ್ನ ತುಟಿಯೂ ಅಗಲವಾಯಿತು.

ಸೋಫಾದ ಮೂಲೆಯಲ್ಲಿ ಕೂತಿದ್ದ ಅವನ ಹತ್ತು ವರ್ಷದ ಮಗಳು ತಲೆ ಎತ್ತಿದಳು. “ವೇಟ್, ಡ್ಯಾಡ್. ಯು ಜಸ್ಟ್ ಲೆಫ್ಟ್ ಹರ್ ದೇರ್?”

“ಇಲ್ಲ ಪುಟ್ಟಾ, ಅದೊಂದು ಪ್ಲಾನು.”

“ಬಟ್ ಯು ಲೆಫ್ಟ್ ಹರ್.”

ಆಗ ನಾನು ತಟ್ಟೆ ಕೆಳಗಿಟ್ಟು ಹೇಳಿದೆ. ದನಿ ಏರಿಸಲಿಲ್ಲ. ಬೆಟ್ಟದ ಕಾಲು ಭಾಗಕ್ಕೆ ಹೆದರಿದ್ದು, ಸಲಿಕೆ ಮುಟ್ಟದೇ ಇದ್ದದ್ದು, ನನ್ನ ಗಾಡಿ ಒಯ್ದದ್ದು, ಎರಡೂವರೆ ತಾಸು, ಮುದುಕಿ, ಕಾರಿನ ಹೀಟರು. ಯಾವುದನ್ನೂ ಹಿಗ್ಗಿಸಲಿಲ್ಲ, ಹಿಗ್ಗಿಸಬೇಕಾಗಿಯೂ ಇರಲಿಲ್ಲ. ಭಾವ, “ಏನೋ ಜೋಕ್ ಮಾಡ್ತಾಳೆ” ಎಂದು ಸುತ್ತ ನೋಡಿದ. ಯಾರೂ ನಗಲಿಲ್ಲ. ಮನೆಯವರು ಮಜ್ಜಿಗೆ ಬೇಕಾ ಎಂದು ಕೇಳತೊಡಗಿದರು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡನನ್ನು ಅವಳು ಬೈಯಲಿಲ್ಲ, ನನ್ನ ಮೇಲೆ ಹರಿಹಾಯ್ದಳು.

“ಎರಡ ವಾರ ಆತು. ನನಗ ಯಾಕ ಹೇಳಲಿಲ್ಲ ನೀ? ನಿನಗ ಏನರ ಆಗಿದ್ರ ನಮ್ಮವ್ವಗ ನಾ ಏನಂತ ಹೇಳತಿದ್ದೆ?”



ಭಾವ ಕ್ಷಮೆ ಕೇಳಲಿಲ್ಲ. ನಾಲ್ಕು ತಿಂಗಳು ನನ್ನೊಂದಿಗೆ ಮಾತು ಬಿಟ್ಟ, ತಾನೇ ನೊಂದವನ ಹಾಗೆ. ಇಲ್ಲಿಯ ಚಳಿಗಾಲದ ಮಳೆ ಮುಗಿದು ಬೇಸಿಗೆ ಬರುವಷ್ಟರಲ್ಲಿ ಅವನಿಗೆ ಪಿಕಲ್‌ಬಾಲ್ ಆಟದ ಹುಚ್ಚು ಹಿಡಿದಿತ್ತು. ಈಗ ಊಟಕ್ಕೆ ಬಂದವರಿಗೆ ಬ್ಯಾಟಿನ ತೂಕದ ಬಗ್ಗೆ ಉಪನ್ಯಾಸ ಸಿಗುತ್ತದೆ. ಅವರು ಅದಕ್ಕೂ ತಲೆಯಾಡಿಸುತ್ತಾರೆ.

ಮರುವರ್ಷ ಜನವರಿಯಲ್ಲಿ ಅಕ್ಕ ಫೋನ್ ಮಾಡಿ, “ಆ ಹಿಮದ ಗಾಡಿ ಓಡಸೂದು ನನಗ ಕಲಿಸು” ಅಂದಳು. ಕೇಳಿದ್ದು ತಪ್ಪಿರಬೇಕೆಂದುಕೊಂಡೆ. ತಪ್ಪಿರಲಿಲ್ಲ. ಗಂಡನ ದೊಗಲೆ ಹಿಮದ ಸೂಟು ಹಾಕಿ, ಅದರ ತೋಳನ್ನು ಎರಡು ಮಡಿಕೆ ಮಡಚಿ ಬಂದಳು. ಬೀಕನ್ನನ್ನು ನಾನೇ ಅವಳ ಎದೆಗೆ ಕಟ್ಟಿದೆ. ಹದವಾದ ದಾರಿಯಲ್ಲಿ ಎಮ್ಮೆ ನಡಿಗೆಯಲ್ಲಿ ಹೋದಳು. ಒಂದು ತಿರುವಿನಲ್ಲಿ ಹೆಬ್ಬೆರಳಿನಿಂದ ಥ್ರಾಟಲ್ ಜೋರಾಗಿ ಒತ್ತಿ, ದಾರಿ ಬಿಟ್ಟು ಮೆತ್ತನೆಯ ಹಿಮಕ್ಕೆ ನುಗ್ಗಿ ಸೀಟಿನವರೆಗೆ ಹೂತಳು. ಒಂದು ಕ್ಷಣ ಗಾಬರಿಯಾಗಿ, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ನಾನು ಹೇಳಿಕೊಟ್ಟ ಹಾಗೆ ಅಗೆದಳು, ತುಳಿದಳು, ಎಳೆದಳು. ಇಪ್ಪತ್ತು ನಿಮಿಷದಲ್ಲಿ ಯಂತ್ರ ದಾರಿಯ ಮೇಲಿತ್ತು. ಅವಳು ಉಸಿರು ಬಿಡುತ್ತ ಅದನ್ನೇ ನೋಡಿದಳು.

“ಹೊರಗ ತಗಿಯೂದು ಇಷ್ಟ ಏನು?” ಅಂದಳು.

“ಅವರದು ಇನ್ನೂ ಆಳಕ್ಕ ಹುಗದಿತ್ತು ಅಕ್ಕಾ.”

“ಇರಲಿ. ಅವರು ಸಲಿಕಿ ತಗೊಂಡು ಒಂದರ ಏಟು ಹಾಕಿದ್ರೇನು?”

“ಇಲ್ಲ.”

ಅವಳು ಕೈಗವಸು ಕೊಡವಿ, ಹೆಲ್ಮೆಟ್ಟಿನ ಗಾಜು ಇಳಿಸಿ, ನನ್ನನ್ನು ಕಾಯದೆ ಇಂಜಿನ್ ಚಾಲೂ ಮಾಡಿದಳು.