ಡೆನ್ಮಾರ್ಕಿನ ಪದಕ್ಕೆ ಅರ್ಥ ಹೇಳಿದವರು

ಮಾಸ್ತರ ಬೋಳುತಲೆಯ ಮೇಲೆ ಹೆಡ್‌ಫೋನ್ ನಿಲ್ಲುತ್ತಲೇ ಇರಲಿಲ್ಲ. ಜಾರಿ ಜಾರಿ ಕುತ್ತಿಗೆಗೆ ಬರುತ್ತಿತ್ತು. ಅದಕ್ಕೆ ಅವರು ಮೇಲಿಂದ ಶಾಲು ಸುತ್ತಿ, ಗದ್ದದ ಕೆಳಗೆ ಗಂಟು ಬಿಗಿದು, ಬಾಯಿ ತುಂಬ ಎಲೆ ಅಡಿಕೆಯ ಕವಳ ಹಾಕಿಕೊಂಡು ಶಿರಸಿಯ ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದರು. ದಾರಿಯಲ್ಲಿ ಹೋಗುವವರು ‘ಹಲ್ಲುನೋವಾ ಮಾಸ್ತರೆ?’ ಎಂದು ಮರುಗುತ್ತಿದ್ದರು. ಶಾಲಿನೊಳಗೆ ಡೆನ್ಮಾರ್ಕಿನ ಒಂದು ಪೋಸ್ಟ್-ಪಂಕ್ ಎಂಬ ಅಬ್ಬರದ ರಾಕ್ ಸಂಗೀತದ ಬ್ಯಾಂಡು ಕೂಗಿಕೊಳ್ಳುತ್ತಿದೆ ಎಂದು ಯಾರು ಅಂದುಕೊಂಡಾರು! ಡ್ರಮ್ಮಿನ ಪೆಟ್ಟು ಬಿದ್ದಾಗ ಮಾತ್ರ ಅವರ ದವಡೆ ಕವಳ ಅಗಿಯುವುದನ್ನು ನಿಲ್ಲಿಸುತ್ತಿತ್ತು.

ಸಿದ್ದಾಪುರದ ಹೈಸ್ಕೂಲಿನಲ್ಲಿ ಅವರು ನನಗೆ ಇಂಗ್ಲಿಷ್ ಕಲಿಸಿದವರು; ಈಗ ನಾನೂ ಶಿರಸಿಯಲ್ಲಿ ಅವರ ಬೀದಿಯಲ್ಲೇ ಇದ್ದೆ. ಊರಿಗೆ ಮಾತ್ರ ಅವರು ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸುತ್ತಾರೆ, ಅರ್ಥಧಾರಿ ಕೂತಲ್ಲೇ ಆ ಪಾತ್ರವಾಗಿ ಮಾತು ಕಟ್ಟಬೇಕು. ಎದುರಿನವನು ಕೇಳಿದ್ದಕ್ಕೆ ಉತ್ತರ ಕೊಡದೆ ಸುಮ್ಮನಾದರೆ ಸೋತ ಹಾಗೆ. ಮಾಸ್ತರು ಸುಮ್ಮನಾದದ್ದನ್ನು ಯಾರೂ ಕಂಡಿರಲಿಲ್ಲ.

ಈ ಮಾತಿನ ಬಲಕ್ಕೇ ಸಾವಿನ ಮನೆಗಳಿಂದಲೂ ಅವರಿಗೆ ಕರೆ ಬರುತ್ತಿತ್ತು. ಕೋಲಸಿರ್ಸಿಯಲ್ಲಿ ನನ್ನ ಅಪ್ಪ ಗದ್ದೆಯ ಬದುವಿನ ಮೇಲೇ ಬಿದ್ದು ಸತ್ತಾಗ ಅವರು ಬಂದು ನನ್ನ ಪಕ್ಕದಲ್ಲಿ ಕೂತು, ಸಾವೆಂದರೆ ಏನು, ಋಣವೆಂದರೆ ಏನು ಎಂದು ಮೆಲ್ಲಗೆ ಹೇಳಿದರು. ಅಷ್ಟು ಹೊತ್ತು ಅನ್ನ ಮುಟ್ಟದವಳು ನಾನು ಎದ್ದು ಹೋಗಿ ಗಂಜಿ ಕುಡಿದೆ. ಆ ದಿನದಿಂದ ನನ್ನನ್ನು ‘ತಂಗಿ’ ಎಂದು ಕರೆದರು. ನಮ್ಮ ಮನೆಮಾತು ಬೇರೆಯಾದರೂ ನನ್ನ ಹತ್ತಿರ ತಮ್ಮ ಮನೆಮಾತಿನಲ್ಲೇ ಮಾತಾಡತೊಡಗಿದರು; ಅದರಲ್ಲಿ ‘ಆನು’ ಎಂದರೆ ನಾನು, ‘ಎಂಗೆ’ ಎಂದರೆ ನನಗೆ.

ಅವರಿಗೆ ಒಬ್ಬಳೇ ಮಗಳು. ಧಾರವಾಡದಲ್ಲಿ ಓದುತ್ತಿದ್ದಳು. ರಜೆಗೆ ಬಂದವಳಿಗೆ ಜ್ವರ ಬಂತು. ಮಂಗನ ಕಾಯಿಲೆ ಎಂದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡುವುದರೊಳಗೆ ಹೋಗಿಬಿಟ್ಟಳು. ಬಂದವರೆಲ್ಲ ಮಾಸ್ತರಿಗೆ ಮಾಸ್ತರ ಮಾತನ್ನೇ ಹೇಳಿದರು: ಋಣ ತೀರಿತು, ಹಣೆಬರಹ, ದೇವರಿಗೆ ಒಳ್ಳೆಯವರೇ ಬೇಕು. ಅವರು ಗೋಡೆ ನೋಡುತ್ತ ಕೂತಿದ್ದರು.

ಆ ಬ್ಯಾಂಡು ಮಗಳ ಫೋನಿನಲ್ಲಿತ್ತು. ಅವಳು ಹಗಲೆಲ್ಲ ಕೇಳುತ್ತಿದ್ದದ್ದು ಏನೆಂದು ತಿಳಿಯಲು ಮಾಸ್ತರು ಹೆಡ್‌ಫೋನ್ ಹಾಕಿಕೊಂಡರು, ಆಮೇಲೆ ತೆಗೆಯಲೇ ಇಲ್ಲ. ನನಗೂ ಕೇಳಿಸಿದರು. ಅಬ್ಬಾ, ಅದೇನು ಹಾಡೋ! ಬೇಸ್ ಗಿಟಾರು ಒಂದೇ ಕಡೆ ಗುಮ್ಮೆನ್ನುತ್ತದೆ, ಹಾಡುವವನು ಹಾಡುವುದಿಲ್ಲ, ಎದುರು ನಿಂತು ಇಂಗ್ಲಿಷಿನಲ್ಲಿ ಬಯ್ಯುತ್ತಾನೆ. ನಾನು ಹಾಗೇ ಹೇಳಿದೆ.

“ರಾಗ ಬಿಡು, ಮಾತು ಕೇಳು,” ಎಂದರು. “ಹುಟ್ಟಕಾದ್ರೆ ಯಾರೂ ಕೇಳಿದ್ವಿಲ್ಲೆ, ಸಾಯಕಾದ್ರೂ ಯಾರೂ ಕೇಳ್ತ್ವಿಲ್ಲೆ. ಮಧ್ಯದ್ದು ಎಲ್ಲ ನಿನ್ನ ತಲೆಮೇಲೆ, ಮೇಲಿಂದ ಯಾರೂ ಬತ್ವಿಲ್ಲೆ ಹೇಳ್ತ ಅಂವ.”

ಒಂದು ಹಾಡಿನಲ್ಲಿ ಅವನು ‘ಯಾಕೆ’ ಎಂದು ಕಿರುಚಿ ಬಾಯಿ ಮುಚ್ಚುತ್ತಾನೆ. ಬಹಳ ಹೊತ್ತು ಬರೀ ಬೇಸು, ಡ್ರಮ್ಮು. ಅಲ್ಲಿಗೆ ಬಂದಾಗ ಮಾಸ್ತರು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಬೆರಳೆತ್ತಿ ಮಾತು ಶುರುಮಾಡಿಯೇಬಿಟ್ಟರು! ನಾನು ನಕ್ಕುಬಿಟ್ಟೆ. ಪದ ಮುಗಿಯಿತು, ಮದ್ದಳೆ ನುಡಿಯುತ್ತಿದೆ, ಇನ್ನು ತಮ್ಮ ಸರದಿ ಎಂದುಕೊಂಡಿದ್ದರು. ಹುಟ್ಟಾ ಅರ್ಥಧಾರಿ ಬಿಟ್ಟರೆ ಆ ತಪ್ಪನ್ನು ಇನ್ಯಾರು ಮಾಡಿಯಾರು?

“ಎಂತಕ್ಕೆ ನೆಗೆ ಮಾಡ್ತೆ? ಅಂವ ಜಾಗ ಬಿಟ್ಟಿದ್ದ,” ಎಂದರು. ದಿನವೂ ಆ ಜಾಗಕ್ಕೆ ಅರ್ಥ ಹೇಳಲು ನೋಡುತ್ತಿದ್ದರು. ಋಣದಿಂದ ಹೊರಟು, ಕರ್ಮಕ್ಕೆ ಬಂದು, ಅರ್ಧಕ್ಕೇ ನಿಂತುಬಿಡುತ್ತಿದ್ದರು. ಒಳಗಿಂದ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, “ಕೂಸು ಕೇಳ್ತಿತ್ತು ಹೇಳಿ ಇವೂ ಕೇಳ್ತ. ಕೇಳ್ಲಿ ಬಿಡು,” ಎಂದು ಪಾತ್ರೆ ತೊಳೆಯುತ್ತಿದ್ದರು. ಅಕ್ಕ ಎಷ್ಟು ಗಟ್ಟಿ ಎಂದು ನಾವೆಲ್ಲ ಹೊಗಳುತ್ತಿದ್ದೆವು.

ಒಂದು ಸಂಜೆ ಮಾಸ್ತರು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, “ನಿನ್ನ ಅಪ್ಪ ತೀರಿಹೋದಾಗ ಆನು ಹೇಳಿದ್ದೆಲ್ಲ ಬಾಯಿಪಾಠ. ಎಂಗೆ ಎಂತದೂ ಗೊತ್ತಿತ್ತಿಲ್ಲೆ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ಮಾಸ್ತರೆ, ನಿಮ್ಮ ದುಃಖ ನಿಮಗೆ. ನನಗೆ ಕೊಟ್ಟಿದ್ದನ್ನ ವಾಪಸ್ ಕೇಳಬೇಡಿ. ಆ ಮಾತು ಹಿಡ್ಕೊಂಡು ನಾ ಬದುಕಿದ್ದೇನೆ.”

ನಾನು ಚಪ್ಪಲಿ ಮೆಟ್ಟಿ ಮನೆಗೆ ಬಂದು ಅತ್ತೆ. ಅವರು ಹೇಳಿದ್ದು ನಿಜ ಇರಬಹುದು ಎಂಬ ಭಯಕ್ಕೆ ಅತ್ತೆ.

ಕೆಲವು ದಿನ ಬಿಟ್ಟು ಯಲ್ಲಾಪುರದ ಹತ್ತಿರ ನಂದೊಳ್ಳಿಯಲ್ಲಿ ಮಧ್ಯಾಹ್ನದ ತಾಳಮದ್ದಳೆಗೆ ಅವರನ್ನು ಕರೆದರು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಂದೆಯ ಪಾತ್ರ. ಎಂಥ ಪಾತ್ರ ಕೊಟ್ಟರಪ್ಪಾ! ಸಂಘಟಕರು ಕೆಟ್ಟ ಮನಸ್ಸಿನಿಂದ ಕೊಟ್ಟದ್ದಲ್ಲ. ಆಡಿದರೆ ಮನಸ್ಸು ಹಗುರಾಗುತ್ತದೆ ಎಂದು ಅವರ ಲೆಕ್ಕ. “ಹೋಪನ. ಅಲ್ಲಾದ್ರೂ ಉತ್ತರ ಸಿಕ್ತನ ನೋಡನ,” ಎಂದು ಮಾಸ್ತರು ಹೊರಟೇಬಿಟ್ಟರು. ಸಿಟ್ಟಿದ್ದರೂ ಒಬ್ಬರನ್ನೇ ಕಳಿಸಲಾರದೆ ನಾನೂ ಜೊತೆಗೆ ಬಸ್ಸು ಹತ್ತಿದೆ.

ಪ್ರಸಂಗದ ನಡೆ ಎಲ್ಲರಿಗೂ ಗೊತ್ತು. ತಂದೆ ಅಳುತ್ತಾನೆ, ದೇವರು ತತ್ವ ಹೇಳುತ್ತಾನೆ, ತಂದೆ ಸಮಾಧಾನ ಹೊಂದಿ ಕೈ ಮುಗಿಯುತ್ತಾನೆ, ಭಾಗವತರು ಮಂಗಳ ಹಾಡುತ್ತಾರೆ. ದೇವರ ಪಾತ್ರದ ಅರ್ಥ ಹೇಳಿದವರು ಸಿದ್ದಾಪುರ ಕಡೆಯ ಹಿರಿಯರು. ಸೊಗಸಾಗಿಯೇ ಹೇಳಿದರು. ಮಾಸ್ತರು ಕೊನೆತನಕ ಕೇಳಿಸಿಕೊಂಡು ಅಂದರು:

“ದೇವಾ, ನೀನು ಹೇಳಿದ್ದೆಲ್ಲ ನನಗೂ ಗೊತ್ತು. ನಾನೇ ಎಷ್ಟೋ ಮನೆಗಳಲ್ಲಿ ಹೇಳಿ ಬಂದವನು. ಈಗ ಕೇಳುವುದು ಇಷ್ಟೇ. ನನ್ನ ಮಗು ಯಾಕೆ ಸತ್ತಿತು? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ನಾನು ನಿನ್ನನ್ನು ಬಯ್ಯುವುದಿಲ್ಲ.”

ಹಿರಿಯರು ಮಾಯೆ ಎಂದರು, ಲೀಲೆ ಎಂದರು. ಮಾಸ್ತರು ತಲೆಯಾಡಿಸಿದರು. ಭಾಗವತರು ದಾರಿಗೆ ತರಲು ಸಮಾಧಾನದ ಪದವನ್ನು ಮತ್ತೆ ಹಾಡಿದರು. ಮಾಸ್ತರು ಬಾಯಿ ತೆರೆಯಲಿಲ್ಲ. ಮದ್ದಳೆಯವನು ನುಡಿಸುತ್ತಲೇ ಇದ್ದ. ಮುಂದೆ ಕೂತ ಹೆಂಗಸರು ಸೆರಗಿನಿಂದ ಮೂಗೊರೆಸಿಕೊಂಡರು. ಅಡುಗೆಯವನು ಚಾ ಹಿಡಿದು ಬಂದವನು ಬಾಗಿಲಲ್ಲೇ ನಿಂತ. ಕಡೆಗೆ ದೇವರ ಪಾತ್ರದ ಹಿರಿಯರೂ ಕಣ್ಣು ಕೆಳಗೆ ಹಾಕಿದರು. ಭಾಗವತರು ಬೇರೆ ದಾರಿ ಕಾಣದೆ ಮಂಗಳ ಹಾಡಿದರು. ಮಾಸ್ತರು ಕೈ ಮುಗಿಯಲಿಲ್ಲ.

“ಪ್ರಸಂಗ ಹಾಳು ಮಾಡಿದ್ರಲ್ರೀ,” ಎಂದ ಹೊರಗೆ ಒಬ್ಬ, ಮುಂಡಗೋಡ ಕಡೆಯವನು. ನನಗೂ ಹಾಗೇ ಅನಿಸಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ, “ಆ ಡೆನ್ಮಾರ್ಕಿನವರು ನಿಮ್ಮನ್ನ ಹಾಳು ಮಾಡಿದ್ರು,” ಎಂದೆ.

“ಅವು ಹಾಳು ಮಾಡಿದ್ದಲ್ಲ ತಂಗಿ. ಹಾಳಾದವನ ಜೊತಿಗೆ ಕೂತ್ಗಂಡ, ಅಷ್ಟೇಯ.”

“ಕೂತು ಎಂತ ಸಿಕ್ತು?”

“ಎಂತದೂ ಇಲ್ಲೆ,” ಎಂದರು. ಬಾಯಲ್ಲಿದ್ದ ಕವಳವನ್ನು ಕಿಟಕಿಯಿಂದ ಉಗುಳಿ ಹೆಡ್‌ಫೋನ್ ಏರಿಸಿಕೊಂಡರು.

ಆಮೇಲೆ ಅವರನ್ನು ತಾಳಮದ್ದಳೆಗೂ ಕರೆಯಲಿಲ್ಲ, ಸಾವಿನ ಮನೆಗೂ ಕರೆಯಲಿಲ್ಲ. ಮರುವರ್ಷ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಹಾಸಿಗೆಯ ಸುತ್ತ ನೆಂಟರು. ದೇವರ ಹೆಸರು ಹೇಳು, ಮಗಳನ್ನು ಸೇರುತ್ತೀಯ, ಸಮಾಧಾನ ತಂದುಕೋ ಎಂದು ಒಬ್ಬೊಬ್ಬರೂ ಅನ್ನುತ್ತಿದ್ದರು. ಅವರೆಲ್ಲ ಊಟಕ್ಕೆ ಹೋದಾಗ ಮಾಸ್ತರು ನನ್ನ ಮಣಿಕಟ್ಟು ಹಿಡಿದರು.

“ಎಂಗೆ ಸಮಾಧಾನ ಆಜಿಲ್ಲೆ, ತಂಗಿ. ಯಾರಾದ್ರೂ ಕೇಳಿರೆ ಆತು ಹೇಳಡ.” ಸಮಾಧಾನ ಆಯಿತೆಂದು ನಾನು ಯಾರಿಗೂ ಹೇಳಬಾರದಂತೆ.

ಎರಡು ದಿನಕ್ಕೆ ಹೋದರು.

ಶಿರಸಿಯ ಸಭಾಭವನದಲ್ಲಿ ನುಡಿನಮನ ಇಟ್ಟರು. ಮಾತಾಡಿದವರೆಲ್ಲ ಒಂದೇ ಹೇಳಿದರು: ಮಾಸ್ತರು ಕೊನೆಗಾಲದಲ್ಲಿ ಶಾಂತಿ ಕಂಡುಕೊಂಡರು, ನಗುತ್ತ ಹೋದರು. ಹೇಳುವವರ ಮುಖದಲ್ಲೂ ಎಷ್ಟು ಶಾಂತಿ! ನನ್ನ ಮೈ ಉರಿಯಿತು. ನನ್ನನ್ನೂ ಕರೆದರು. ಒಳ್ಳೆಯ ಮಾತು ಹೇಳಲು ನನಗೆ ಬರುತ್ತಿರಲಿಲ್ಲವೇ? ಅವರೇ ಕಲಿಸಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೈಕಿನ ಮುಂದೆ ನಿಂತು, “ಮಾಸ್ತರಿಗೆ ಸಮಾಧಾನ ಆಗಿರಲಿಲ್ಲ. ಹಾಗೇ ಸತ್ತರು,” ಎಂದೆ.

ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ನನ್ನನ್ನು ಕೆಳಗಿಳಿಸಲು ಬಂದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಕ್ಕ ಎದ್ದು ನಿಂತರು. ಮಗಳು ಹೋದಾಗಲೂ, ಗಂಡ ಹೋದಾಗಲೂ ನಾಲ್ಕು ಜನರೆದುರು ಕಣ್ಣೀರು ಹಾಕದ ಹೆಂಗಸು.

“ಎಂಗೂ ಆಜಿಲ್ಲೆ,” ಎಂದರು. ಎದೆ ಬಡಿದುಕೊಂಡು ಅಳತೊಡಗಿದರು.