ಒಂದು ತಾಸಿಗೆ ಒಂದು ಕುರಿ

ಮುಚ್ಚಂಡಿಯ ಸಾಜಿಯಾ ಜತ್ತದ ಜೂನಿಯರ್ ಕಾಲೇಜಿನಲ್ಲಿ ಆರು ವರ್ಷ ಗಣಿತ ಕಲಿಸಿದಳು, ಅದೂ ತಾಸಿನ ಲೆಕ್ಕದ ಮೇಲೆ. ಪಾಠ ಮಾಡಿದ ತಾಸಿಗೆ ಪಗಾರ, ಮಾಡದ ತಾಸಿಗೆ ಸೊನ್ನೆ. ರಜೆ ಬಂತೆಂದರೆ ಹುಡುಗರಿಗೆ ಹಬ್ಬ, ಅವಳಿಗೆ ಉಪವಾಸ. ಕಾಯಂ ಮಾಡುತ್ತೇವೆಂದು ಪ್ರತಿ ಜೂನ್‌ನಲ್ಲಿ ಮಾತು ಕೊಡುತ್ತಿದ್ದ ಆಡಳಿತದವರು ಜುಲೈ ಹೊತ್ತಿಗೆ ಅದನ್ನು ಮರೆತಿರುತ್ತಿದ್ದರು. ಇಪ್ಪತ್ತೊಂಬತ್ತು ತುಂಬಿದ ವರ್ಷ ಅವಳು ರೊಟ್ಟಿ ಬಡಿಯುತ್ತಿದ್ದ ತಾಯಿ ಬಷೀರನಳ ಎದುರು ಕುಳಿತು, ನೌಕರಿ ಬಿಟ್ಟು ಪೈಲಟ್ ಆಗುತ್ತೇನೆ ಎಂದಳು.

ಬಷೀರನಳ ಕೈ ನಿಲ್ಲಲಿಲ್ಲ. "ಆಗು ಬೇಟಾ. ಮದಲ ಹಂಚಿನ ಬುಡಕ ಉರಿ ನೋಡು," ಎಂದಳು.

ತಂದೆ ಸರದಾರ ಮಾತ್ರ ಅದನ್ನು ಚೇಷ್ಟೆ ಎಂದು ತಿಳಿಯಲಿಲ್ಲ. ಅವನು ಕುರಿ ವ್ಯಾಪಾರಿ. ಗಿಳಿಮೂಗಿನ ಮಾಡಗ್ಯಾಳ ತಳಿಯ ಕುರಿಗಳ ಅವನ ಹಿಂಡಿಗೆ ಸುತ್ತಲೂ ಹೆಸರಿತ್ತು. ಅವನ ವ್ಯಾಪಾರದಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕು ಜನರ ಎದುರಿಗೇ, ರುಮಾಲಿನ ಅಡಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಬೆರಳು ಒತ್ತಿ ಮಾತಾಡುತ್ತಾರೆ. ಒಪ್ಪಿದರೆ ಇಸಾರ, ಅಂದರೆ ಮುಂಗಡ. ಇಸಾರ ಕೊಟ್ಟವನು ಹಿಂದೆ ಸರಿದರೆ ಅದು ಮುಳುಗಿತು. ತೆಗೆದುಕೊಂಡವನು ಸರಿದರೆ ಎರಡು ಪಟ್ಟು ತಿರುಗಿ ಕೊಡಬೇಕು. ಒಪ್ಪದವನು ಸುಮ್ಮನೆ ಮುಷ್ಟಿ ಮುಚ್ಚುತ್ತಾನೆ. ಮುಷ್ಟಿ ಮುಚ್ಚಿದವನನ್ನು ಯಾಕೆ ಎಂದು ಕೇಳಬಾರದು. ಕೇಳುವವನನ್ನು ಪೇಟೆಯಲ್ಲಿ ಯಾರೂ ವ್ಯಾಪಾರಿ ಅನ್ನುವುದಿಲ್ಲ.

ವಿಮಾನ ಹಾರಿಸಲು ಕಲಿಸುವ ಶಾಲೆ ದೂರದ ಜಿಲ್ಲೆಯಲ್ಲಿತ್ತು. ಫೀ ಮೂರು ಹಪ್ತೆ, ಅಂದರೆ ಮೂರು ಕಂತು. ಬ್ಯಾಂಕಿನವರು ಸಾಲಕ್ಕೆ ಅಡವು ಕೇಳಿದರು. ಗಾಳಿಯಲ್ಲಿ ಹಾರುವ ವಿದ್ಯೆಗೆ ನೆಲದ ಕಾಗದವೇ ಬೇಕಂತೆ. ಮೊದಲ ಹಪ್ತೆಗೆ, ಸಾಜಿಯಾಳ ಮದುವೆಗೆಂದು ಜತ್ತದಲ್ಲಿ ಹಿಡಿದಿಟ್ಟಿದ್ದ ಪ್ಲಾಟು ಹೋಯಿತು. ಎರಡನೆಯದಕ್ಕೆ ಹಿಂಡಿಗೆ ಹಿಂಡೇ ಹೋಯಿತು.

"ಕುರಿ ಮತ್ತ ಹುಟ್ಟತಾವ, ವಯಸ್ಸು ಹುಟ್ಟೂದಿಲ್ಲ," ಎಂದು ಸರದಾರ ಖಾಲಿ ಹಟ್ಟಿಯನ್ನು ಗುಡಿಸಿದ. ಉಳಿದದ್ದು ಲಕ್ಷಗಟ್ಟಲೆ ಬೆಲೆಬಾಳುವ ಬೀಜದ ಟಗರು ಲಾಲ್ಯಾ ಒಂದೇ. ಸುತ್ತಲಿನ ಊರುಗಳವರು ತಮ್ಮ ಕುರಿಗಳನ್ನು ಅದರ ಹತ್ತಿರ ಹೊಡೆದುಕೊಂಡು ಬಂದು ರೊಕ್ಕ ಕೊಟ್ಟು ಹೋಗುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಅದರ ಮೇಲೆ.

ಶಾಲೆಯಲ್ಲಿ ಸಾಜಿಯಾ ಯಾರಿಗೂ ಕಡಿಮೆ ಇರಲಿಲ್ಲ. ಕಾಟ ಕೊಟ್ಟದ್ದು ಎಂಜಿನ್ ಓಡಿದ ತಾಸನ್ನು ತೋರಿಸುವ ಮೀಟರು. ಫೀಯನ್ನು ಹಾರಾಟದ ತಾಸುಗಳಿಂದ ಭಾಗಿಸುವುದು ಗಣಿತದವಳಿಗೆ ಎಷ್ಟು ಹೊತ್ತಿನ ಕೆಲಸ? ಒಂದು ತಾಸಿಗೆ ಒಂದು ಕುರಿ. ಆ ಲೆಕ್ಕ ತಲೆಯ ಒಳಗೆ ಹೊಕ್ಕದ್ದು ಮತ್ತೆ ಹೊರಗೆ ಬರಲಿಲ್ಲ. ಮೀಟರು ತಿರುಗಿದಂತೆಲ್ಲ ಹಟ್ಟಿಯಿಂದ ಒಂದೊಂದೇ ಹೊರಟು ಹೋಗುತ್ತಿತ್ತು: ಕಿವಿ ಹರಿದದ್ದು, ಕುಂಟುತ್ತಿದ್ದದ್ದು, ತಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದು. ಮೊದಮೊದಲು ಮೀಟರಿನಿಂದ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದಳು. ಆಮೇಲೆ ಅದೂ ನಿಂತಿತು.

ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿ ಇಳಿಸಿದ ದಿನ ಜೊತೆಯವರು ಅಲ್ಲಿಯ ರೂಢಿಯಂತೆ ಅವಳ ತಲೆಯ ಮೇಲೆ ಬಕೆಟ್ ನೀರು ಸುರಿದು ಕುಣಿದರು. ಫೋಟೋದಲ್ಲಿ ಅವಳೂ ನಕ್ಕಿದ್ದಾಳೆ. ನೀರು ತಣ್ಣಗಿತ್ತೋ ಬೆಚ್ಚಗಿತ್ತೋ ಅವಳಿಗೆ ತಿಳಿಯಲಿಲ್ಲ. ಹೆದರಿಕೆಯಿಲ್ಲ, ಖುಷಿಯಿಲ್ಲ, ಬೇಸರ ಕೂಡ ಇಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿಕೊಂಡರೆ ಅದು ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ. ಇಂಥವಳ ಹಿಂದೆ ನಾಳೆ ನೂರು ಜನ ನಂಬಿ ಕೂರುವುದು ಬೇಡ ಎಂದು ತನಗೆ ತಾನೇ ಹೇಳಿಕೊಂಡಳು. ಮೂರನೆಯ ಹಪ್ತೆಗೆ ಮುಂಚೆ ಊರಿಗೆ ಹೋಗಿ ಸಾಕು ಎಂದುಬಿಡಬೇಕು. ಲಾಲ್ಯಾ ಆದರೂ ಉಳಿಯಲಿ. ಫೋನಿನಲ್ಲಿ ಹೇಳುವ ಮಾತಲ್ಲವೆಂದು ರಜೆ ಸಿಗುವ ತನಕ ಕಾದು ಬಸ್ಸು ಹತ್ತಿದಳು.

ಮನೆ ಮುಟ್ಟಿದಾಗ ಅಂಗಳದಲ್ಲಿ ಬಾಲಗಾಂವದ ವ್ಯಾಪಾರಿ ಶಿವಪುತ್ರ ಚಹಾ ಕುಡಿಯುತ್ತ ಕುಳಿತಿದ್ದ. ಲಾಲ್ಯಾನ ಕೊರಳಿಗೆ ಹೊಸ ಹಗ್ಗ ಬಿದ್ದಿತ್ತು. ಇಸಾರ ಹೋದ ವಾರವೇ ಆಗಿತ್ತು. ಮಗಳಿಗೆ ಫೋನಿನಲ್ಲಿ ಹೇಳುವ ಮಾತಲ್ಲವೆಂದು ಸರದಾರನೂ ಸುಮ್ಮನಿದ್ದ. ಅಪ್ಪನಂತೆ ಮಗಳು.

"ಬರ್ರಿ ಪೈಲಟ್ ಮ್ಯಾಡಮ್," ಎಂದ ಶಿವಪುತ್ರ. "ನಿಮ್ಮ ಇಮಾನಕ್ಕ ಎಣ್ಣಿ ಹಾಕಾಕ ಬಂದೀನಿ ನೋಡ್ರಿ."

ಸಾಜಿಯಾ ತಂದೆಯನ್ನು ಬದಿಗೆ ಕರೆದಳು. "ಅಬ್ಬಾ, ಇಸಾರ ತಿರಗಿ ಕೊಟ್ರ?"

"ಎರಡ ಪಟ್ಟು ಎಲ್ಲಿಂದ ತರೂದು ಬೇಟಾ? ರೊಕ್ಕದ್ದೂ ಇರಲಿ, ಮಾತ ಕೊಟ್ಟೀನಿ. ಯಾಕ, ನಿನಗ ಲಾಲ್ಯಾನ ಮ್ಯಾಲ ಜೀವ ಅಂತ ನನಗ ಗೊತ್ತಿಲ್ಲೇನು? ಬಿಸಲ ಏರಾಕತ್ತದ. ಲಗೂನ ಕಳಸೂಣು, ಇಲ್ಲಂದ್ರ ಹಾದ್ಯಾಗ ಅದಕ ತ್ರಾಸ ಆಗ್ತದ."

ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಟಗರಂತೂ ಉಳಿಯುವುದಿಲ್ಲ, ಸುಮ್ಮನೆ ಮಾರಿದೆನೆಂಬ ಕೊರಗು ಅಪ್ಪನಿಗೆ ಉಳಿಯುತ್ತದೆ, ಅಷ್ಟೆ. ಲಾಲ್ಯಾ ಯಾರು ಎಳೆದರೂ ಜಗ್ಗಲಿಲ್ಲ. ಕೊನೆಗೆ ಸರದಾರ ತಾನೇ ಮೊದಲು ಪಿಕಪ್ ಗಾಡಿ ಹತ್ತಿದ. ಅವನನ್ನು ನಂಬಿ ಅದೂ ಹಿಂದೆ ಹತ್ತಿತು. ಅವನು ಇಳಿದ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸಾಜಿಯಾ ಅಳು ಬರಬಹುದೆಂದು ಕಾದಳು. ಗಾಡಿ ಬಾಲಗಾಂವದ ಹಾದಿಯಲ್ಲಿ ಮರೆಯಾಯಿತು, ಅಳು ಬರಲಿಲ್ಲ.

ಮಧ್ಯಾಹ್ನ ಪೈಲಟ್ ಮಗಳನ್ನು ನೋಡಲು ಓಣಿಯವರು ಬಂದು ಕಟ್ಟೆ ತುಂಬ ಕುಳಿತರು. ಅವರ ಎದುರು ರೊಕ್ಕದ ಮಾತು ಆಡುವ ಹಾಗಿಲ್ಲ. ಸರದಾರ ಹೆಗಲ ಮೇಲಿನ ರುಮಾಲು ತೆಗೆದು ಮಗಳ ಕೈ ಮೇಲೆ ಹಾಸಿದ. ಆ ರುಮಾಲಿನ ಅಡಿಯಲ್ಲಿ ಹೆಣ್ಣುಮಕ್ಕಳ ಕೈ ಎಂದೂ ಹೋಗಿದ್ದಿಲ್ಲ. ಕಟ್ಟೆಯ ಮೇಲೆ ಮಳೆಯ ಮಾತು ನಡೆದೇ ಇತ್ತು. ಅವನು ಲಾಲ್ಯಾ ತಂದ ಹಣವನ್ನು ಅವಳ ಬೆರಳುಗಳ ಮೇಲೆ ಒತ್ತಿ ತಿಳಿಸಿದ. ಆಮೇಲೆ ಕಿರುಬೆರಳನ್ನು ಮೆಲ್ಲಗೆ ಹಿಡಿದ: ಇನ್ನೂ ಬೇಕೇನು?

ಸಾಜಿಯಾ ಮುಷ್ಟಿ ಮುಚ್ಚಿದಳು.

ಸರದಾರ ಇನ್ನೊಮ್ಮೆ ಬೆರಳು ಹುಡುಕಿದ. ಮುಷ್ಟಿ ಹಾಗೇ ಇತ್ತು: ವ್ಯಾಪಾರವೇ ಬೇಡ. ಬೆಳಿಗ್ಗೆ ಅವಳು ಇಸಾರದ ಮಾತು ಯಾಕೆ ಎತ್ತಿದಳೆಂಬುದು ಅವನಿಗೆ ಆಗ ತಿಳಿಯಿತು. ಜೀವಮಾನವಿಡೀ ಯಾರನ್ನೂ ಯಾಕೆ ಎಂದು ಕೇಳದವನು ಮಗಳನ್ನೂ ಕೇಳಲಿಲ್ಲ. ಬೇರೆಯೇ ಒಂದು ಮಾತು ಕೇಳಿದ.

"ಮ್ಯಾಲಿಂದ ನಮ್ಮೂರು ಕಾಣ್ತಿತ್ತೇನು ಬೇಟಾ?"

"ಇಲ್ಲಬ್ಬಾ," ಎಂದಳು ಸಾಜಿಯಾ. "ನಮ್ಮ ಕುರಿ ಕಾಣ್ತಿದ್ದುವು."

ರುಮಾಲಿನ ಅಡಿಯಲ್ಲಿ ಸರದಾರ ಆ ಮುಷ್ಟಿಯನ್ನು ಹಿಡಿದುಕೊಂಡೇ ಕುಳಿತ.